ದತ್ತಿಯ ವಾಕ್ಯವೂ ಕಡಿತದ ವಾಕ್ಯವೂ: ಬೆಳ್ವೊಲದ ತೆರಿಗೆಯ ಮಾತುಗಳ ವಿಮರ್ಶೆ

ಶಾಸನಗಳನ್ನು ಸಾಹಿತ್ಯದೃಷ್ಟಿಯಿಂದ ಪರಿಶೀಲಿಸುವವರು ಸಾಮಾನ್ಯವಾಗಿ ಪ್ರಶಸ್ತಿಭಾಗವನ್ನು ಓದಿ, ಅಲ್ಲಿಯ ವೃತ್ತಕಂದಗಳ ಗುಣಾಲಂಕಾರಗಳನ್ನು ಎತ್ತಿ ತೋರಿಸಿ, ದತ್ತಿಭಾಗ ಬಂದೊಡನೆ ಗ್ರಂಥವನ್ನು ಮುಚ್ಚುವುದು ವಾಡಿಕೆಯಾಗಿದೆ. ರಾಜನ ಶೌರ್ಯವರ್ಣನೆಯಲ್ಲಿ ಕವಿತ್ವ, ಮತ್ತರು ಗದ್ಯಾಣಗಳ ಎಣಿಕೆಯಲ್ಲಿ ಬರಿಯ ಲೆಕ್ಕ ಎಂಬ ಭಾವನೆ ಇದಕ್ಕೆ ಕಾರಣವಾಗಿರಬೇಕು. ಪಾಠಶಾಲೆಗಳಿಗೆಂದು ಸಿದ್ಧವಾದ ಸಂಕಲನಗಳಲ್ಲಿಯೂ ಇದೇ ಕ್ರಮ. ಆದರೆ ಪ್ರಶಸ್ತಿಯು ಊರೂರಿಗೂ ಒಂದೇ ಅಚ್ಚಿನಲ್ಲಿ ಬರುವುದು. ದತ್ತಿಯಾದರೋ ಆಯಾ ಊರಿನ ಹೊಲ, ಕೆರೆ, ಗಾಣ, ಅಂಗಡಿಗಳನ್ನು ಹೆಸರಿಸಿಯೇ ಮುಂದೆ ಸಾಗಬೇಕಾಗುವುದು. ಭಾಷೆಯ ನಿಷ್ಕೃಷ್ಟತೆಯನ್ನು ಪರೀಕ್ಷಿಸತಕ್ಕದ್ದು ಎರಡನೆಯ ಎಡೆಯಲ್ಲಿ. ಇಂದಿನ ಆದಾಯ ತೆರಿಗೆಯ ಕನ್ನಡವನ್ನು ಓದಿ ಅರ್ಥವಾಗದೆ ಕೈಚೆಲ್ಲುವವರು ವಿದ್ಯಾವಂತರಲ್ಲಿಯೂ ಬಹುಮಂದಿ ಇರುವುದರಿಂದ, ತೆರಿಗೆಯನ್ನು ಬಿಡುವ ವಾಕ್ಯವು ಕನ್ನಡದಲ್ಲಿ ಹಿಂದೆ ಹೇಗಿದ್ದಿತು, ಈಗ ಹೇಗಿದೆ ಎಂಬುದನ್ನು ಒಂದು ಸೀಮೆಯನ್ನು ಹಿಡಿದು ವಿಚಾರಿಸುವುದು ಉಚಿತವಾಗಿದೆ.

ಆ ಸೀಮೆ ಬೆಳ್ವೊಲ ಮುನ್ನೂಱು. ಇದರ ಮುಖ್ಯಸ್ಥಾನ ಅಣ್ಣಿಗೇರಿ. ಇತ್ತೀಚಿನವರೆಗೆ ನವಲಗುಂದ ತಾಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲೂಕಾಗಿರುವ ಊರು. ಕಲ್ಯಾಣದ ಚಾಳುಕ್ಯರ ಕಾಲದ ಅಮೃತೇಶ್ವರ ದೇವಾಲಯವು ಅಲ್ಲಿ ಇಂದಿಗೂ ನಿಂತಿದೆ. ಆ ವಂಶದ ಕೊನೆಯ ಅರಸನಾದ ನಾಲ್ಮಡಿ ಸೋಮೇಶ್ವರನು ಕೆಲಕಾಲ ಅಲ್ಲಿಂದಲೇ ಆಳಿದನು. ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದು ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿದುಬಂದ ಮೇಲೆ ಈ ಊರಿಗೆ ಸಾಹಿತ್ಯಚರಿತ್ರೆಯಲ್ಲಿಯೂ ಸ್ಥಾನ ಬಂದಿತು. ಆ ಪಂಪನಿಗೆ ಅರಿಕೇಸರಿಯಿಂದ ದೊರೆತ ಮನ್ನಣೆ ಧರ್ಮವುರವೆಂಬ ಅಗ್ರಹಾರ. ಎಂದರೆ ಆದಿಕವಿಯೂ ತೆರಿಗೆ ಬಿಟ್ಟ ಭೂಮಿಯನ್ನು ಉಂಡವನೇ. ಅವನ ಕಾವ್ಯದ ಗುಣವನ್ನು ಹೇಳುವಾಗ ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುವ ಅಭ್ಯಾಸ ಸರಿಯಾದುದೆಂದು ತೋರುವುದಿಲ್ಲ.

ಬೆಳ್ವೊಲ, ಪುಲಿಗೆಱೆ ಸೀಮೆಗಳ ದತ್ತಿಭಾಗಗಳಲ್ಲಿ ಬರುವ ತೆರಿಗೆಯ ಹೆಸರುಗಳು ಹಲವು. ಸಿದ್ಧಾಯವೆಂಬುದು ಭೂಮಿಯ ಮೇಲೆ ಮೊದಲೇ ನಿಶ್ಚಯವಾದ ಆಯ. ಪೆರ್ಜುಂಕವು ದೊಡ್ಡ ಸುಂಕ. ಸುಂಕವೆಂಬುದೇ ಸಂಸ್ಕೃತದ ಶುಲ್ಕಶಬ್ದದ ತದ್ಭವ. ವಡ್ಡರಾವುಳ, ಬಿಲ್ಕೊಡೆ ಮುಂತಾದುವನ್ನು ನೋಡಿಕೊಳ್ಳುವುದಕ್ಕೆ ದಂಡನಾಯಕರ ಮಟ್ಟದ ಅಧಿಕಾರಿಗಳಿದ್ದರು. ತೆರುವುದು ಎಂಬ ಕ್ರಿಯೆಯಿಂದ ಹುಟ್ಟಿದ ತೆಱೆ ಎಂಬುದು ಅಚ್ಚಗನ್ನಡ ಮಾತು. ಇಂದಿನ ತೆರಿಗೆ ಅದರ ಮಗಳು. ಇವುಗಳಿಂದ ಬಿಡುಗಡೆಯನ್ನು ಸೂಚಿಸುವ ಮಾತುಗಳೂ ಅಷ್ಟೇ ವಿಂಗಡವಾಗಿವೆ. ಸರ್ವನಮಸ್ಯವೆಂದರೆ ಯಾವ ತೆರಿಗೆಯೂ ಇಲ್ಲದೆ ಪೂರ್ಣವಾಗಿ ಬಿಟ್ಟದ್ದು. ಸರ್ವಬಾಧಾಪರಿಹಾರವೆಂದರೆ ಬರಿಯ ತೆರಿಗೆಯಲ್ಲದೆ ಅಧಿಕಾರಿಗಳ ಇತರ ಉಪದ್ರವವೂ ತೊಲಗಿದ್ದು. ಅರುವಣವಾದರೋ ದತ್ತಿಯ ಭೂಮಿಯ ಮೇಲೆಯೂ ಉಳಿಸಿಕೊಂಡ ಒಂದು ಸಣ್ಣ ನಿಶ್ಚಿತ ತೆರಿಗೆ. ಪೂರ್ಣ ಬಿಡುಗಡೆಗೂ ಪೂರ್ಣ ತೆರಿಗೆಗೂ ನಡುವಣ ಸ್ಥಿತಿ. ಮೂರಕ್ಕೂ ಮೂರು ಬೇರೆ ಹೆಸರು. ಒಂದನ್ನು ಇನ್ನೊಂದರ ಎಡೆಯಲ್ಲಿ ಇಟ್ಟರೆ ಕಲ್ಲಿನ ಮಾತು ಸುಳ್ಳಾಗುತ್ತಿದ್ದಿತು.

ಹೆಸರುಗಳಿಗಿಂತಲೂ ವಾಕ್ಯದ ಕಟ್ಟಣೆ ಹೆಚ್ಚು ವಿಚಾರಣೀಯ. ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ದತ್ತಿಯ ವಾಕ್ಯದಲ್ಲಿ ಕಾರಕಗಳೆಲ್ಲ ತುಂಬಿರುತ್ತವೆ. ಬಿಟ್ಟವನು ಇಂತಹನೆಂದು ಕರ್ತೃವಿನ ನಿರ್ದೇಶವಿದೆ; ಅವನು ಅರಸನೇ ಆಗಬೇಕೆಂದಿಲ್ಲ, ಪೆರ್ಜುಂಕದ ಅಧಿಕಾರಿ ತನ್ನ ಕೈಯಲ್ಲಿರುವ ಪೆರ್ಜುಂಕದೊಳಗಿಂದ ಮಾತ್ರ ಬಿಡುತ್ತಾನೆ. ಬಿಟ್ಟದ್ದು ಇಷ್ಟೆಂದು ಕರ್ಮವಿದೆ. ಇಂತಹ ದೇವರಿಗೆ, ಇಂತಹ ಮಠದ ವಿದ್ಯಾರ್ಥಿಗಳಿಗೆ ಎಂದು ಸಂಪ್ರದಾನವಿದೆ. ಯಾವುದರಿಂದ ಬಿಟ್ಟಿತು ಎಂಬ ಅಪಾದಾನವೂ ಇದೆ. ಅಗಲಿಕೆಯ ಪ್ರಸಂಗದಲ್ಲಿ ಅಲುಗದೆ ನಿಲ್ಲುವ ವಸ್ತುವನ್ನು ಅಪಾದಾನವೆಂದು ಪಾಣಿನಿಯು ಗುರುತಿಸಿದನು. ಕನ್ನಡದಲ್ಲಿ ಪಂಚಮೀವಿಭಕ್ತಿಯುಂಟೇ ಇಲ್ಲವೇ ಎಂದು ಪಂಡಿತರು ವಾದಿಸುತ್ತಲೇ ಬಂದಿದ್ದಾರೆ. ವಿಭಕ್ತಿಯ ಮಾತು ಹಾಗಿರಲಿ, ಕಾರಕವಂತೂ ದತ್ತಿಯ ವಾಕ್ಯದಲ್ಲಿ ಎಂದೂ ತಪ್ಪಿಲ್ಲ. ಸಿದ್ಧಾಯದೊಳಗಿಂದ ಬಿಟ್ಟದ್ದೋ ಸುಂಕದೊಳಗಿಂದ ಬಿಟ್ಟದ್ದೋ ಎಂಬುದು ತಿಳಿಯದೆ ಇದ್ದರೆ ಮುಂದಿನ ವರ್ಷ ಅದನ್ನು ನಡೆಸುವವರಾರು?

ಪರಿಹಾರಶಬ್ದಕ್ಕೆ ಶಾಸ್ತ್ರದ ಬಲವೂ ಉಂಟು. ಒಂದೇ ಧಾತುವು ಉಪಸರ್ಗಭೇದದಿಂದ ಆಹಾರವೂ ಸಂಹಾರವೂ ಆಗುವಂತೆ ಪರಿಹಾರವೂ ಆಗುವುದನ್ನು ಪಾಠಶಾಲೆಯ ಎಳೆಯ ವಿದ್ಯಾರ್ಥಿಯೂ ಬಲ್ಲನು. ಕೌಟಿಲ್ಯನು ಜನಪದವನ್ನು ನೆಲೆಗೊಳಿಸುವ ಪ್ರಕರಣದಲ್ಲಿ ಅನುಗ್ರಹ ಮತ್ತು ಪರಿಹಾರಗಳೆಂಬ ಎರಡನ್ನು ಬೇರೆಬೇರೆಯಾಗಿ ಹೇಳುತ್ತಾನೆ: ಕೈಯಿಂದ ಕೊಡುವುದು ಅನುಗ್ರಹ, ಬರತಕ್ಕದ್ದನ್ನು ಬಿಡುವುದು ಪರಿಹಾರ. ಬೊಕ್ಕಸವನ್ನು ಬೆಳೆಸುವಂತಹವನ್ನು ಮಾತ್ರ ಮಾಡಬೇಕು, ಕೆಡಿಸುವಂತಹವನ್ನು ವರ್ಜಿಸಬೇಕು ಎಂಬುದು ಅವನ ಮತ. ಪರಿಹಾರವನ್ನು ದಯೆಯೆಂದು ಅವನು ಎಣಿಸಲಿಲ್ಲ; ಹೊಸದಾಗಿ ಕೆರೆ ಕಟ್ಟಿದವನಿಗೆ, ಬೀಳುಭೂಮಿಯನ್ನು ಹಸನು ಮಾಡಿದವನಿಗೆ ಮೊದಲ ಕೆಲವು ವರ್ಷ ಬಿಟ್ಟರೆ ಮುಂದೆ ಬೆಳೆಯುವುದೆಂಬ ಲೆಕ್ಕವೇ ಅದರ ತಿರುಳು. ಆಡಳಿತದ ವಿಷಯದಲ್ಲಿಯೂ ಅವನ ಕಣ್ಣು ಹರಿತವಾದುದು. ನೀರಿನಲ್ಲಿರುವ ಮೀನು ನೀರು ಕುಡಿಯುವುದನ್ನು ಹೇಗೆ ಕಾಣಲಾಗದೋ ಹಾಗೆ ಅಧಿಕಾರಿಯು ಹಣ ತಿನ್ನುವುದನ್ನೂ ಕಾಣಲಾಗದೆಂದು ಹೇಳಿ, ಒಂದೊಂದು ಅಧಿಕರಣಕ್ಕೂ ಹಲವರು ಮುಖ್ಯರಿರಬೇಕು, ಅವರು ಅಲ್ಲಿ ಶಾಶ್ವತವಾಗಿ ಇರಕೂಡದು ಎಂದು ವಿಧಿಸುತ್ತಾನೆ. ಕಾಳಿದಾಸನು ದಿಲೀಪನನ್ನು ಸೂರ್ಯನಿಗೆ ಹೋಲಿಸಿ, ಹೀರಿದ ನೀರನ್ನು ಸಾವಿರಪಟ್ಟು ಮಳೆಗರೆಯುವ ಮಾತನ್ನು ಹೇಳಿದ್ದು ಮನೋಹರವಾದುದು. ತೆರಿಗೆಯ ಕಚೇರಿಯನ್ನು ಬಲ್ಲವನು ಕೌಟಿಲ್ಯನೇ.

ಇಷ್ಟು ಹೇಳಿದ ಮೇಲೆ ದತ್ತಿವಾಕ್ಯದ ಒಂದು ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಎಲ್ಲ ಕಾರಕಗಳೂ ತುಂಬಿರುವ ಆ ವಾಕ್ಯದಲ್ಲಿ ಉತ್ತು ಬೆಳೆದ ಒಕ್ಕಲು ಎಲ್ಲಿಯೂ ಇಲ್ಲ. ಇದ್ದರೂ ಎಲ್ಲೆಯನ್ನು ಹೇಳುವಾಗ ನೆರೆಹೊಲದವನಾಗಿ ಬರುತ್ತಾನೆ. ದೇವರ ಭೂಮಿಗೆ ಸಿದ್ಧಾಯವನ್ನು ಬಿಟ್ಟರೆ ಒಕ್ಕಲಿಗೆ ಬಿಟ್ಟಂತಾಯಿತೆಂದು ಹೇಳಲಾಗದು; ಅರಸನಿಗೆ ತೆರುತ್ತಿದ್ದುದನ್ನು ಸ್ಥಾನಿಕನಿಗೆ ತೆತ್ತನು, ಅಷ್ಟೇ. ಆ ಒಕ್ಕಲಿನ ಕಡೆಯ ಮಾತನ್ನು ಗಾದೆಯೊಂದು ಉಳಿಸಿಕೊಂಡು ಬಂದಿದೆ: ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ. ಹನ್ನೆರಡನೆಯ ಶತಮಾನದ ಸುಂಕದ ಬಂಕಣ್ಣನಾದರೋ ಸುಂಕದ ಕಟ್ಟೆಯ ಒಳಗೆ ಕುಳಿತಿದ್ದವನು. ತನ್ನ ಕಾಯಕದ ಮಾತುಗಳನ್ನೇ ಭಕ್ತಿಯ ರೂಪಕಗಳನ್ನಾಗಿ ಮಾಡಿ ವಚನಗಳನ್ನು ಬರೆದವನು ಅವನು. ಅವನನ್ನು ಕುರಿತು ವಿಮರ್ಶೆ ಬಹಳ ಕಡಿಮೆಯಾಗಿ ಬಂದಿರುವುದು ಶೋಚನೀಯ.

ಆದಿಲಶಾಹಿ, ಪೇಶವಾಯಿ ಕಾಲಗಳಲ್ಲಿ ಈ ಸೀಮೆಯ ತೆರಿಗೆಯ ಮಾತು ಬೇರೊಂದು ಪಾತ್ರದಲ್ಲಿ ಹರಿಯಿತು. ಸರ್ವನಮಸ್ಯದ ಎಡೆಯಲ್ಲಿ ಇನಾಮು, ಅರುವಣದ ಎಡೆಯಲ್ಲಿ ಜೋಡಿ, ಬಿಟ್ಟ ಬಾಕಿಗೆ ಮಾಫಿ, ಬರದ ವರ್ಷ ಸಾರಾದಲ್ಲಿ ಇಳಿಸಿದ್ದಕ್ಕೆ ಸೂಟು. ಹುಡುಗರು ಶಾಲೆಗೆ ಹೋಗದ ದಿನವನ್ನು ಧಾರವಾಡದ ಕಡೆ ಸೂಟಿ ಎನ್ನುವುದು ಇದರ ಸೋದರಿಯೇ. ಪರಭಾಷೆಯ ಮಾತು ಬಂದಿತೆಂದು ಶೋಕಿಸಬೇಕಾಗಿಲ್ಲ. ಗಮನಿಸತಕ್ಕದ್ದು ಅರ್ಥದ ಜಾರು: ಇನಾಮೆಂದರೆ ಕೊಡುಗೆ, ರಿಯಾಯಿತಿಯೆಂದರೆ ಕೃಪಾದೃಷ್ಟಿ. ಯಾವುದನ್ನು ಬಿಟ್ಟರು ಎಂಬುದನ್ನು ಹೇಳುತ್ತಿದ್ದ ಮಾತುಗಳು ಹೋಗಿ, ಬಿಟ್ಟವರ ದೊಡ್ಡತನವನ್ನು ಹೇಳುವ ಮಾತುಗಳು ಬಂದುವು. ಕೃಪೆಯಿಂದ ಬಂದದ್ದು ಕೃಪೆ ತಪ್ಪಿದರೆ ಹೋಗುವುದೂ ಸಹಜ. 1852ರ ಹನ್ನೊಂದನೆಯ ಕಾಯಿದೆಯ ಮೇರೆಗೆ ಇನಾಮು ಕಮಿಶನ್ನಿನವರು ಹಕ್ಕುಪತ್ರಗಳನ್ನು ಕೇಳುತ್ತ ಊರೂರು ತಿರುಗಿದಾಗ ಬೆಳ್ವೊಲದ ಎಷ್ಟೋ ಮನೆತನಗಳು ಇದನ್ನು ಅನುಭವಿಸಿದುವು. 1858ರಲ್ಲಿ ನವಲಗುಂದದ ನೆರೆಯ ನರಗುಂದದಲ್ಲಿ ಬಾಬಾಸಾಹೇಬನು ಬಂಡೆದ್ದುದಕ್ಕೆ ದತ್ತಕದ ನಿರಾಕರಣೆ ಮುಖ್ಯ ಕಾರಣವಾದರೂ, ಇನಾಮುಗಳ ವಿಚಾರಣೆಯಿಂದ ಹಬ್ಬಿದ ಅಸಮಾಧಾನವೂ ಅದರ ಹಿಂದೆ ಇದ್ದಿತು.

ಅದೇ ಕಾಲದ ಇನ್ನೊಂದು ಕಾರ್ಯವು ವಿಮರ್ಶಕನ ಮೆಚ್ಚಿಕೆಗೆ ಪಾತ್ರವಾಗಿದೆ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ವಿಂಗೇಟನು ನಡೆಸಿದ ಭೂಮಾಪನ, 1847ರಲ್ಲಿ ಅವನು ಗೋಲ್ಡ್‌ಸ್ಮಿಡ್, ಡೇವಿಡ್‌ಸನ್ ಎಂಬವರೊಡನೆ ಸಲ್ಲಿಸಿದ ವರದಿ, ಇವುಗಳಿಂದ ಸಿದ್ಧವಾದ ಕ್ರಮವು ಮೂವತ್ತು ವರ್ಷಕ್ಕೊಮ್ಮೆ ದರವನ್ನು ನಿಶ್ಚಯಿಸುವುದಾಗಿದ್ದಿತು. ಅದರಲ್ಲಿ ಮಣ್ಣನ್ನು ಬಣ್ಣ ಮತ್ತು ಕಣಗಳನ್ನು ನೋಡಿ ಮೂರು ಜಾತಿಯಾಗಿಯೂ, ಆಳವನ್ನು ಮೊಳದಿಂದ ಅಳೆದು ಒಂಬತ್ತು ವರ್ಗವಾಗಿಯೂ ವಿಂಗಡಿಸಿದರು. ಮೊದಲನೆಯ ವರ್ಗಕ್ಕೆ ಹದಿನಾರು ಆಣೆ. ಕೊನೆಯದಕ್ಕೆ ಎರಡೇ ಆಣೆ. ನವಲಗುಂದದ ಎರೆಹೊಲದಂತೆ ಒಂದೇ ಹದದ, ಒಂದೂಮುಕ್ಕಾಲು ಮೊಳ ಆಳದ ಕಪ್ಪುಮಣ್ಣು ಹದಿನಾರು ಆಣೆಯದಾದರೆ, ಅದರಲ್ಲಿ ಸುಣ್ಣದ ಹರಳು ಬೆರೆತಿದ್ದರೆ ಒಂದು ವರ್ಗ ಇಳಿಯುವುದು, ಇಳಿಜಾರಾಗಿದ್ದರೆ ಮತ್ತೊಂದು, ಮರಳು ಬೆರೆತಿದ್ದರೆ ಇನ್ನೊಂದು. ಇವಕ್ಕೆ ಆ ಗ್ರಂಥಗಳಲ್ಲಿ ದೋಷಗಳೆಂದೇ ಹೆಸರು. ಒಂದೊಂದಕ್ಕೂ ಒಂದೊಂದು ಗುರುತು. ಕಾವ್ಯಪ್ರಕಾಶದ ದೋಷಪ್ರಕರಣವನ್ನು ಓದಿದವನಿಗೆ ಇದು ಹೊಸದಾಗಿ ಕಾಣುವುದಿಲ್ಲ. ಕಲಘಟಗಿಯ ಕಡೆಯ ಭತ್ತದ ಗದ್ದೆಗೂ ನವಲಗುಂದದ ಜೋಳ ಹತ್ತಿಗಳ ಹೊಲಕ್ಕೂ ಒಂದೇ ತೂಕ ಸಲ್ಲದೆಂಬುದನ್ನು ಒಪ್ಪಿ, ಇಳಿಸತಕ್ಕದ್ದನ್ನು ದರ ಕಟ್ಟುವ ಮೊದಲೇ ಇಳಿಸಿದರು. ದಯೆಗೆ ಅಲ್ಲಿ ಎಡೆಯೇ ಇಲ್ಲ. ಹರಳು ಇದೆಯೋ ಇಲ್ಲವೋ ಎಂಬುದನ್ನು ಗುದ್ದಲಿ ಹೇಳುವುದು. ದರ ಭಾರವಾಯಿತೆಂಬ ದೂರು ಬೇರೆ, ಅದು ಮುಂದಿನ ಪುನರ್ವಿಮರ್ಶೆಗಳಲ್ಲಿ ಎದ್ದಿತು. ವಾಕ್ಯದ ಮಟ್ಟಿಗೆ ಅಪಾದಾನ ಸ್ಪಷ್ಟವಾಗಿದ್ದಿತು.

ಲೆಕ್ಕ ಬರೆಯುವ ಕೈ ಮಾತ್ರ ಹಳೆಯದೇ. ಹಳ್ಳಿಯ ಕುಲಕರ್ಣಿಕೆ ವಂಶಪರಂಪರೆಯದು; ಕೌಟಿಲ್ಯನ ವಿಧಿಗೆ ಇದು ನೇರವಾಗಿ ವಿರುದ್ಧ. ಮುಂಬಯಿ ಪ್ರಾಂತದಲ್ಲಿ 1950ರ ಶಾಸನದಿಂದ ಕುಲಕರ್ಣಿ ವತನಗಳು ರದ್ದಾಗಿ, ಸಂಬಳದ ತಲಾಟಿಗಳ ಪದ್ಧತಿ ನೆಲೆಗೊಂಡಿತು. ಕುಂದಗೋಳವು 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದುದರಿಂದ, ಒಂದೇ ಎರೆಯ ಬಯಲಿನಲ್ಲಿ ಎರಡು ಸರ್ಕಾರಗಳ ದಫ್ತರಗಳು ನಡೆಯುತ್ತಿದ್ದುವು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಇವೆಲ್ಲವನ್ನೂ ಒಂದು ಕ್ರಮಕ್ಕೆ ತಂದಿತು. ಈ ಶತಮಾನದ ಆರಂಭದಲ್ಲಿ ಭೂಮಿ ಎಂಬ ಹೆಸರಿನ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿ, ಕೈಬರೆಹದ ಉತಾರಕ್ಕೆ ಮಾನ್ಯತೆ ತಪ್ಪಿತು. ಉತಾರವು ತಾಲೂಕಿನ ಕಚೇರಿಯಲ್ಲಿ ಅಚ್ಚಾಗಿ ಬರುವುದು ದೊಡ್ಡ ಸುಧಾರಣೆಯೇ ಸರಿ. ಹಳೆಯ ದಫ್ತರದ ತಪ್ಪುಗಳು ಗಣಕದೊಳಗೂ ಹಾಗೆಯೇ ಕುಳಿತುವೆಂಬುದೂ ಅಷ್ಟೇ ದಿಟ.

ಮಾತು ತಪ್ಪಿದರೆ ಏನಾಗುವುದೆಂಬುದಕ್ಕೆ ನವಲಗುಂದವೇ ಸಾಕ್ಷಿ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಆದ ಮೇಲೆ, ಅಚ್ಚುಕಟ್ಟಿನ ಭೂಮಿಗಳ ಮೇಲೆ ಅಭಿವೃದ್ಧಿ ಕರವೆಂಬುದನ್ನು ವಿಧಿಸಿದರು. ನೀರಿನಿಂದ ಭೂಮಿಯ ಬೆಲೆ ಏರುವುದರಿಂದ ಏರಿದ ಬೆಲೆಯಲ್ಲಿ ಒಂದು ಪಾಲು ಸರ್ಕಾರಕ್ಕೆ ಸಲ್ಲಬೇಕೆಂಬುದು ಅದರ ತರ್ಕ. ತರ್ಕದಲ್ಲಿ ಹುಳುಕಿಲ್ಲ, ಆದರೆ ಕಾಲುವೆಯ ತುದಿಯ ಹೊಲಗಳಿಗೆ ನೀರೇ ಬಾರದೆ ಇರುವಾಗ ಅಭಿವೃದ್ಧಿಯೆಂಬ ಹೆಸರು ಮಾತ್ರ ಬಂದಿತು. ವಿಂಗೇಟನ ಕ್ರಮದಲ್ಲಿ ಗುದ್ದಲಿ ಹಾಕಿ ನೋಡಿದ್ದಂತೆ ಇಲ್ಲಿ ನೀರು ಹರಿದಿದೆಯೇ ಎಂದು ನೋಡಿ ಇಳಿಸುವ ಏರ್ಪಾಡಿದ್ದರೆ ಕಥೆ ಬೇರೆಯಾಗುತ್ತಿದ್ದಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಸರ್ಕಾರಿ ಕಚೇರಿಗಳ ಮುಂದೆ ನೆರೆದರು, ಗೋಲಿಬಾರಾಯಿತು, ರೈತರ ಪ್ರಾಣಹಾನಿಯಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು. ಅಲ್ಲಿಯ ಜನರು ಆ ದಿನವನ್ನು ಹುತಾತ್ಮರ ದಿನವೆಂದು ಇಂದಿಗೂ ಆಚರಿಸುತ್ತಾರೆ. ಅಭಿವೃದ್ಧಿಶಬ್ದವನ್ನು ಕೋಶದಲ್ಲಿ ನೋಡಿ ಅರ್ಥ ಹೇಳುವ ಉಪಾಧ್ಯಾಯನು ಇದನ್ನೂ ಒಮ್ಮೆ ನೆನೆಯಬಹುದು.

ಇನ್ನು ಆದಾಯ ತೆರಿಗೆಯ ಕನ್ನಡ. 1860ರಲ್ಲಿ ಜೇಮ್ಸ್ ವಿಲ್ಸನ್ ಎಂಬವನು ತಂದ ಈ ತೆರಿಗೆಯು ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವುಳ್ಳವರನ್ನು ಬಿಟ್ಟಿತು. 1886ರ ಕಾಯಿದೆಯು ಕೃಷಿಯ ಆದಾಯವನ್ನು ಹೊರಗಿಟ್ಟಿತು, ಆ ನಿಯಮ ಇಂದಿಗೂ ನಡೆದಿದೆ. ಆದರೆ 1973ರಿಂದ ಈಚೆಗೆ, ಬೇರೆ ಆದಾಯವೂ ಉಳ್ಳವನ ಕೃಷಿಯ ಆದಾಯವು 5,000 ರೂಪಾಯಿ ಮೀರಿದರೆ, ಅದರ ಮೇಲೆ ತೆರಿಗೆಯಿಲ್ಲದಿದ್ದರೂ ಉಳಿದ ಆದಾಯದ ದರವನ್ನು ನಿಶ್ಚಯಿಸುವಾಗ ಅದು ಲೆಕ್ಕಕ್ಕೆ ಬರುವುದು. ಬಿಟ್ಟದ್ದೂ ಎಣಿಕೆಗೆ ಬರುವ ಈ ಸ್ಥಿತಿಯು ಸರ್ವನಮಸ್ಯವೂ ಅಲ್ಲ, ಅರುವಣವೂ ಅಲ್ಲ. ಇದಕ್ಕೆ ಕನ್ನಡದಲ್ಲಿ ಹೆಸರೇ ಹುಟ್ಟಿಲ್ಲ.

ಹೆಸರಿರುವ ಎಡೆಯ ಅವಸ್ಥೆ ಇನ್ನೂ ವಿಚಿತ್ರ. ನವಲಗುಂದದಲ್ಲಿ ಮಾಸ್ತರಿಕೆ ಮಾಡುವ ಒಬ್ಬನು ಕನ್ನಡ ಪತ್ರಿಕೆಯನ್ನು ತೆರೆದರೆ ಕಡಿತವೆಂಬ ಒಂದೇ ಮಾತನ್ನು ಮೂರು ಅರ್ಥಗಳಲ್ಲಿ ಕಾಣುವನು. ಸಂಬಳದ ಆದಾಯದಿಂದ ನಿಶ್ಚಿತ ಮೊತ್ತವನ್ನು ಕಳೆದು ಉಳಿದುದಕ್ಕೆ ಮಾತ್ರ ತೆರಿಗೆ ಹಾಕುವುದು ಕಡಿತ. ಇದು ಅವನಿಗೆ ಲಾಭ. ಸಂಬಳ ಕೊಡುವಾಗಲೇ ತೆರಿಗೆಯ ಹಣವನ್ನು ಮುರಿದುಕೊಂಡು ಉಳಿದುದನ್ನು ಕೈಗೆ ಕೊಡುವುದೂ ಕಡಿತ. ಇದು ಅವನ ಕೈಯಿಂದ ಹೋದದ್ದು. ಸರ್ಕಾರವು ತೆರಿಗೆಯ ದರವನ್ನೇ ತಗ್ಗಿಸಿದರೆ ಅದೂ ಕಡಿತ. ಮೂರರಲ್ಲಿಯೂ ಕಡಿಯುವ ಕ್ರಿಯೆ ಒಂದೇ, ಅಪಾದಾನಗಳು ಮೂರು: ಆದಾಯ, ಸಂಬಳದ ಹಣ, ದರ. ಅಪಾದಾನವನ್ನು ಬಿಟ್ಟು ಕ್ರಿಯೆಯನ್ನು ಮಾತ್ರ ಉಳಿಸಿದುದರಿಂದ ಓದುಗನು ಲಾಭವನ್ನು ನಷ್ಟವೆಂದೂ ನಷ್ಟವನ್ನು ಲಾಭವೆಂದೂ ತಿಳಿಯುವ ಸಂಭವವಿದೆ. ಆಲಂಕಾರಿಕರು ಸಂದಿಗ್ಧವೆಂಬ ದೋಷಕ್ಕೆ ಉದಾಹರಣೆಯನ್ನು ಹುಡುಕಬೇಕಾದರೆ ದೂರ ಹೋಗಬೇಕಾಗಿಲ್ಲ.

ಅಂಕೆಗಳಲ್ಲಿ ನೋಡಿದರೆ ಭೇದ ಇನ್ನೂ ಸ್ಪಷ್ಟವಾಗುವುದು. ಸಂಬಳದಾರರಿಗೆ ದೊರೆಯುವ ನಿಶ್ಚಿತ ಕಳೆತವು 2018ರ ಆಯವ್ಯಯದಲ್ಲಿ 40,000 ರೂಪಾಯಿಯೆಂದು ಮರಳಿ ಬಂದು, 2019ರಲ್ಲಿ 50,000 ಆಗಿ, 2024ರಲ್ಲಿ ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ 75,000ಕ್ಕೆ ಏರಿತು. ಇದು ಆದಾಯದಿಂದ ಕಳೆಯುವ ಮೊತ್ತ. ಶೇಕಡಾ 20ರ ಹಂತದಲ್ಲಿರುವವನಿಗೆ ಇದರಿಂದ ಉಳಿಯುವುದು 15,000 ರೂಪಾಯಿ. 2025ರ ಆಯವ್ಯಯದಲ್ಲಿ, 12 ಲಕ್ಷ ರೂಪಾಯಿಯವರೆಗೆ ತೆರಿಗೆ ಹಾಕತಕ್ಕ ಆದಾಯವುಳ್ಳವರಿಗೆಂದು ಗೊತ್ತುಮಾಡಿದ 60,000 ರೂಪಾಯಿಯವರೆಗಿನ ರಿಯಾಯಿತಿಯಾದರೋ ತೆರಿಗೆಯಿಂದಲೇ ಕಳೆಯುವುದು. ಅದರಲ್ಲಿ ಉಳಿಯುವುದು ಪೂರಾ 60,000. ಅಂಕೆಯಲ್ಲಿ ಮೊದಲನೆಯದು ದೊಡ್ಡದು, ಫಲದಲ್ಲಿ ಎರಡನೆಯದು. ಮನೆಬಾಡಿಗೆಯ ಭತ್ಯೆಯಂತಹುದು ಇವೆರಡೂ ಅಲ್ಲ. ಅದರ ಒಂದು ಭಾಗ ಹಳೆಯ ಪದ್ಧತಿಯಲ್ಲಿ ಆದಾಯವೆಂದು ಎಣಿಕೆಗೇ ಬಾರದು. ವಿನಾಯಿತಿಯೆಂಬ ಮಾತು ಸಲ್ಲತಕ್ಕದ್ದು ಅದಕ್ಕೆ. ಆದರೆ ಸುದ್ದಿಯ ತಲೆಬರೆಹಗಳಲ್ಲಿ ಈ ಮೂರಕ್ಕೂ ವಿನಾಯಿತಿ, ಮೂರಕ್ಕೂ ರಿಯಾಯಿತಿ. ಪರಿಹಾರಶಬ್ದವು ಈ ನಡುವೆ ಬರಗಾಲದ, ನೆರೆಹಾವಳಿಯ ಹಣಕ್ಕೆ ಹೆಸರಾಗಿ ಹೋಯಿತು. ಕೌಟಿಲ್ಯನು ಅನುಗ್ರಹವೆಂದದ್ದು ಈಗ ಪರಿಹಾರ, ಅವನು ಪರಿಹಾರವೆಂದದ್ದಕ್ಕೆ ಈಗ ನಿಶ್ಚಿತವಾದ ಮಾತಿಲ್ಲ.

2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಆದಾಯ ತೆರಿಗೆ ಅಧಿನಿಯಮದ ಮುಖ್ಯ ಪ್ರತಿಜ್ಞೆ ಭಾಷೆಯ ಸರಳತೆ. 2026ರ ಏಪ್ರಿಲ್ 1 ಅದರ ಜಾರಿಗೆ ಗೊತ್ತಾದ ದಿನ. 1961ರ ಅಧಿನಿಯಮದ 5 ಲಕ್ಷಕ್ಕೂ ಹೆಚ್ಚು ಪದಗಳು ಸುಮಾರು 2 ಲಕ್ಷ 60 ಸಾವಿರಕ್ಕೆ ಇಳಿದು, 819 ಕಲಮುಗಳು 536 ಆದುವು. ಹಿಂದಿನ ವರ್ಷ, ನಿರ್ಧಾರಣೆಯ ವರ್ಷ ಎಂಬ ಎರಡು ಹೆಸರುಗಳ ಗೊಂದಲ ಹೋಗಿ ತೆರಿಗೆಯ ವರ್ಷವೆಂಬ ಒಂದೇ ಹೆಸರು ನಿಂತಿತು. ಪದಗಳ ಸಂಖ್ಯೆ ಅರ್ಧವಾಗುವುದು ಯಾವ ಗ್ರಂಥಕರ್ತನಿಗೂ ಹೆಮ್ಮೆಯ ಸಂಗತಿ. ಆದರೆ ಇಂಗ್ಲಿಷಿನಲ್ಲಿ ಬೇರೆಬೇರೆಯಾಗಿ ನಿಂತ ಮಾತುಗಳು ಕನ್ನಡಕ್ಕೆ ಬರುವಾಗ ಒಂದಕ್ಕೊಂದು ಅಂಟಿಕೊಂಡರೆ ಆ ಸರಳತೆಯು ನವಲಗುಂದವನ್ನು ಮುಟ್ಟುವುದಿಲ್ಲ. ಇಲಾಖೆಯ ಆಡಳಿತದಲ್ಲಾದ ಇನ್ನೊಂದು ಸುಧಾರಣೆಯೂ ಇದಕ್ಕೆ ಸಂಬಂಧಿಸಿದೆ. 2019ರಿಂದ ಆರಂಭವಾಗಿ 2020ರಲ್ಲಿ ವಿಸ್ತರಿಸಿದ ಮುಖಾಮುಖಿಯಿಲ್ಲದ ನಿರ್ಧಾರಣೆಯ ಕ್ರಮದಲ್ಲಿ ಲೆಕ್ಕವನ್ನು ಪರೀಕ್ಷಿಸುವ ಅಧಿಕಾರಿ ಯಾವ ಊರಿನವನೆಂಬುದು ತೆರಿಗೆದಾರನಿಗೆ ತಿಳಿಯದು. ಮೀನನ್ನೂ ನೀರನ್ನೂ ಬೇರ್ಪಡಿಸುವ ಈ ಉಪಾಯವನ್ನು ಕೌಟಿಲ್ಯನು ಒಪ್ಪುತ್ತಿದ್ದನೆಂದು ಊಹಿಸಬಹುದು. ಗಾದೆಯ ಸುಂಕದವನಿಗೆ ಕಿವಿಯಿಲ್ಲದಿದ್ದರೂ ಮುಖವಾದರೂ ಇದ್ದಿತು. ಈಗ ಸುಖದುಃಖವನ್ನು ಬರೆಹದಲ್ಲಿಯೇ ಹೇಳಿಕೊಳ್ಳಬೇಕಾಗಿರುವುದರಿಂದ ಬರೆಹದ ಮಾತು ನಿಷ್ಕೃಷ್ಟವಾಗಿರುವುದು ಹಿಂದೆಂದಿಗಿಂತಲೂ ಅಗತ್ಯ.

ಮಾತುಗಳಿಗಾಗಿ ಅಮರಕೋಶವನ್ನು ಬಗೆಯಬೇಕಾಗಿಲ್ಲ. ಧಾರವಾಡದ ಕಡೆಯ ಜನರ ಬಾಯಲ್ಲಿ ಈ ಭೇದಗಳೆಲ್ಲ ಈಗಲೂ ಜೀವಂತವಾಗಿವೆ. ಪಗಾರದಲ್ಲಿ ಮುರಿದುಕೊಂಡರು ಎಂದರೆ ಕೈಗೆ ಬರುವ ಹಣ ಕಡಿಮೆಯಾಯಿತೆಂದೇ ಅರ್ಥ. ಅದನ್ನು ಲಾಭವೆಂದು ಯಾರೂ ತಿಳಿಯರು. ಲೆಕ್ಕದಲ್ಲಿ ಕಳೆದರು, ದರ ಇಳಿಸಿದರು, ಬಾಕಿ ಬಿಟ್ಟರು: ನಾಲ್ಕು ಕ್ರಿಯೆಗಳು, ನಾಲ್ಕು ಅಪಾದಾನಗಳು. ಆದಾಯದಿಂದ ಕಳೆಯುವುದಕ್ಕೆ ಕಳೆತ, ಸಂಬಳದಲ್ಲಿ ಹಿಡಿಯುವುದಕ್ಕೆ ಮುರಿತ, ದರ ತಗ್ಗುವುದಕ್ಕೆ ಇಳಿತ, ಎಣಿಕೆಯಿಂದಲೇ ಹೊರಗಿಡುವುದಕ್ಕೆ ಬಿಡಿತ ಅಥವಾ ರೂಢಿಯ ವಿನಾಯಿತಿ ಎಂದು ನಿಯಮಿಸಿದರೆ ಸಾಕು. ಶಾಸನಕಾರರು ಉದ್ದಕ್ಕೂ ಬಳಸಿದ ಬಿಟ್ಟರು ಎಂಬ ಕ್ರಿಯಾಪದವೂ ಆಗ ತನ್ನ ಸ್ಥಾನಕ್ಕೆ ಮರಳಿದಂತಾಗುವುದು. ಇವು ಗ್ರಾಮ್ಯವೆಂದೂ ಕಾಯಿದೆಯ ಗಾಂಭೀರ್ಯಕ್ಕೆ ತಕ್ಕುವಲ್ಲವೆಂದೂ ಆಕ್ಷೇಪ ಬರುವುದು ಖಂಡಿತ. ಕಲಘಟಗಿಯ ಪ್ರಾಥಮಿಕ ಶಾಲೆಯ ಹಲಗೆಯ ಮೇಲೆ ಕೂಡುವ ಲೆಕ್ಕವೂ ಕಳೆಯುವ ಲೆಕ್ಕವೂ ಇದೇ ಮಾತುಗಳಲ್ಲಿ ನಡೆಯುತ್ತಿರುವಾಗ, ಕಳೆಯುವುದನ್ನು ಕಳೆತವೆನ್ನುವುದು ಗ್ರಾಮ್ಯವಾಗುವ ಬಗೆ ಹೇಗೆಂಬುದನ್ನು ಆಕ್ಷೇಪಿಸುವವರೇ ತೋರಿಸಿಕೊಡಬೇಕು.